ನಿಮ್ಮ ಹೆಸರು ಓದದ ಅಧಿವೇಶನ

ಮಾಮ,

ಅವರು ನಿಮ್ಮ ಹೆಸರು ಓದಲಿಲ್ಲ. ರಾಷ್ಟ್ರೀಯ ಅಧಿವೇಶನದ ಮೊದಲ ದಿನ, ಬಾವುಟ ಏರಿಸಿದ ಮೇಲೆ, ಹಿಂದಿನ ಅಧಿವೇಶನದಿಂದ ಈಚೆಗೆ ತೀರಿಕೊಂಡ ಕಾರ್ಯಕರ್ತರ ಹೆಸರುಗಳನ್ನು ಒಂದೊಂದು ರಾಜ್ಯದಂತೆ ಓದಿದರು. ಕರ್ನಾಟಕ ಬಂತು. ಕೋಲಾರ ಬಂತು. ಮುಳಬಾಗಿಲಿನ ಒಬ್ಬರು, ಮಾಲೂರಿನ ಇಬ್ಬರು. ನಾನು ಉಸಿರು ಬಿಗಿಹಿಡಿದು ಕೂತಿದ್ದೆ. ಅಷ್ಟರಲ್ಲಿ ಮುಂದಿನ ರಾಜ್ಯಕ್ಕೆ ಹೋಗಿಬಿಟ್ಟರು. ಆಯಸ್ಸೆಲ್ಲ ಪಕ್ಷದ ಬಾವುಟ ಹೊಲಿದ ಗೌನಿಪಲ್ಲಿಯ ಟೈಲರ್ ನಾರಾಯಣಪ್ಪ ಸತ್ತಿದ್ದು ಅವರಿಗೆ ಲೆಕ್ಕಕ್ಕೇ ಇಲ್ಲವೇ?

ನಿಮ್ಮ ಅಂಗಡಿಗೆ ನಾನು ಮೊದಲು ಬಂದಿದ್ದು ಅಮ್ಮನ ರವಿಕೆ ತರಲು. ಹಳೆಯ ಪೇಪರಿನಲ್ಲಿ ಸುತ್ತಿಕೊಟ್ಟ ರವಿಕೆಯ ಮಡಿಕೆಯಲ್ಲಿ ಪಕ್ಷದ ಒಂದು ಕಿರುಪುಸ್ತಕ ಇಟ್ಟಿದ್ದಿರಿ. "ಕೊರಳು ಮಾತ್ರ ನೆಟ್ಟಗೆ ಹೊಲಿಯಲ್ಲ, ಪುಸ್ತಕ ನೆಟ್ಟಗೆ ಇಡ್ತಾನೆ" ಎಂದು ಅಮ್ಮ ಬೈದಳು. ನಾನು ಅದನ್ನು ಒಲೆಯ ಮುಂದೆ ಕೂತು ಮುಗಿಸಿ, ಮಾರನೆಯ ದಿನ ಇನ್ನೊಂದು ಕೇಳಲು ಬಂದೆ. "ಓದು ಅಮ್ಮಾಯಿ. ಓದಿದ್ಮೇಲೆ ನನ್ ಜೊತೆ ಜಗಳ ಆಡು. ಸುಮ್ನೆ ತಲೆ ಆಡಿಸ್ಬೇಡ" ಎಂದಿರಿ. ಅಲ್ಲಿಂದ ಎಷ್ಟು ಜಗಳವಾಡಿದೆವು ನಾವು...

ನೀವು ಒಮ್ಮೆಯೂ ರಾಷ್ಟ್ರೀಯ ಅಧಿವೇಶನಕ್ಕೆ ಹೋಗಿರಲಿಲ್ಲ. ನಿಮ್ಮ ಪಾಲಿಗೂ ನಾನೇ ಎಲ್ಲ ನೋಡಿಕೊಂಡು ಬರಬೇಕೆಂದು ಹೊರಟಿದ್ದೆ. ರೈಲಿನಲ್ಲಿ ಘೋಷಣೆ ಕೂಗಿ ಕೂಗಿ ಇಳಿಯುವ ಹೊತ್ತಿಗೆ ಗಂಟಲು ಕಟ್ಟಿತ್ತು. ಸಭಾಂಗಣದಲ್ಲಿ ಒಬ್ಬರ ಭಾಷೆ ಒಬ್ಬರಿಗೆ ತಿಳಿಯದವರೆಲ್ಲ ಒಂದೇ ಘೋಷಣೆಗೆ ಒಟ್ಟಿಗೆ ಕೈ ಎತ್ತಿದಾಗ ನನ್ನ ಮೈ ಜುಮ್ಮೆಂದಿತು. ಇದು ಸುಳ್ಳಲ್ಲ ಮಾಮ. ಆ ಕ್ಷಣಕ್ಕೆ ನಾನು ಈಗಲೂ ಏನು ಬೇಕಾದರೂ ಕೊಟ್ಟೇನು.

ಹೆಸರುಗಳನ್ನು ಓದಿದ ಮೇಲೆ ಎಲ್ಲರೂ ಎದ್ದು ಮೌನ ಆಚರಿಸಿದೆವು. ಎಲ್ಲರೂ ಕೂತರು. ನಾನು ಕೂರಲಿಲ್ಲ. ನಾನು ಬರೀ ವೀಕ್ಷಕಿ, ಅಲ್ಲಿ ಮಾತಾಡುವ ಹಕ್ಕು ನನಗಿಲ್ಲ. ನಿಂತೇ ಇದ್ದರೆ ವೇದಿಕೆಯಿಂದ ಯಾರಾದರೂ ಯಾಕೆಂದು ಕೇಳಿಯಾರು ಎಂದುಕೊಂಡೆ. ಕೇಳಲು ಬಂದವಳು ಒಬ್ಬ ಸ್ವಯಂಸೇವಕಿ. ನನ್ನ ಮುಖ ನೋಡಿ, ಅವಸರವೇನೋ ಎಂದುಕೊಂಡು, ಬಹಳ ಅಕ್ಕರೆಯಿಂದ ಕೈ ಹಿಡಿದು ನಡೆಸಿಕೊಂಡು ಹೋಗಿ ಹೆಂಗಸರ ಶೌಚಾಲಯದ ಮುಂದೆ ಬಿಟ್ಟಳು. ಸಾಲಾಗಿ ಬಾಗಿಲು, ಬಾಗಿಲಿಗೆಲ್ಲ ಚಿಲಕ, ನಲ್ಲಿಯಲ್ಲಿ ನೀರು. ಗೋಡೆಗೆ ಆತುಕೊಂಡು ಮೊದಲು ನಕ್ಕೆ. ಆಮೇಲೆ ಅಳು ತಡೆಯಲಾಗಲಿಲ್ಲ.

ಏಕೆಂದರೆ ಆ ಜಿಲ್ಲಾ ಸಭೆ ನೆನಪಾಯಿತು. ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ಕಾಯಿ ವಿಂಗಡಿಸುವ ಹೆಂಗಸರಿಗೆ ಶೌಚಾಲಯವಿಲ್ಲ, ಅದಕ್ಕೆ ಹೋರಾಡೋಣ ಎಂದು ನೀವು ಎದ್ದು ನಿಂತಿರಿ. "ಆ ಬಿಸಿಲಲ್ಲಿ ದಿನವೆಲ್ಲ ನೀರು ಕುಡಿಯಲ್ಲ ಅವ್ರು. ಯಾಕಂತ ಯಾರಾದ್ರೂ ಕೇಳಿದ್ದೀರಾ?" ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಆ ಮಂಡಿಯ ಮಾಲೀಕ ಚುನಾವಣೆಗೆ ನಮಗೆ ಜೀಪು ಕೊಡುವವನು ಎಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಅಲ್ಲಿಂದಾಚೆಗೆ ಸಭೆಗಳಿಗೆ ನಿಮ್ಮನ್ನು ಕರೆಯುವುದೇ ನಿಂತುಹೋಯಿತು. ನೀವು ಹಾಸಿಗೆ ಹಿಡಿದಾಗಲೂ ಯಾರೂ...

ಮಧ್ಯಾಹ್ನ ಊಟದ ಸಾಲಿನಲ್ಲಿ ನಮ್ಮ ಜಿಲ್ಲಾ ಕಾರ್ಯದರ್ಶಿಯನ್ನು ಹಿಡಿದೆ. ಮಾಮನ ಹೆಸರು ಯಾಕೆ ಕಳಿಸಲಿಲ್ಲ ಎಂದು ಕೇಳಿದೆ. ಕೊನೆಯ ವರ್ಷ ಸದಸ್ಯತ್ವ ನವೀಕರಿಸಿರಲಿಲ್ಲ, ನಿಯಮ ಎಲ್ಲರಿಗೂ ಒಂದೇ ಎಂದರು. ಎದ್ದು ಕೂರಲಾಗದ ಮನುಷ್ಯ ಪಕ್ಷದ ಆಫೀಸಿಗೆ ಬರಬೇಕಿತ್ತೇ ಎಂದೆ. ಅವರು ತಟ್ಟೆಯಲ್ಲಿ ಅನ್ನ ಕಲೆಸುತ್ತ, ತಲೆ ಎತ್ತದೆ ಹೇಳಿದರು: "ಒಳ್ಳೆ ಮನುಷ್ಯ ಕಣಮ್ಮ. ಆ ಮಂಡಿ ವಿಷ್ಯ ಒಂದು ಹಿಡ್ಕೊಳ್ದೆ ಇದ್ದಿದ್ರೆ."

ಸಂಜೆ ಮಹಿಳೆಯರ ಘನತೆಯ ಬಗ್ಗೆ ನಿರ್ಣಯ ಮಂಡಿಸಿದರು. ಒಬ್ಬರೂ ವಿರೋಧಿಸಲಿಲ್ಲ. ನಾನೂ ಚಪ್ಪಾಳೆ ತಟ್ಟಿದೆ, ಜೋರಾಗಿಯೇ ತಟ್ಟಿದೆ. ಅದರ ಒಂದೊಂದು ಮಾತನ್ನೂ ನಾನು ನಂಬುತ್ತೇನೆ. ಅದಕ್ಕೇ ಈ ಸಂಕಟ. ನಂಬದಿದ್ದರೆ ಕಾರ್ಡು ಹರಿದು ಬಿಸಾಕಿ ನೆಮ್ಮದಿಯಾಗಿರಬಹುದಿತ್ತು. ಪಕ್ಷ ಯಾರದು ಮಾಮ? ಜೀಪು ಕೊಡುವವನದೋ, ಬಾವುಟ ಹೊಲಿಯುವವರದೋ? ವಾಪಸು ಬರುವಾಗ ರೈಲಿನಲ್ಲಿ ಎಲ್ಲರೂ ಹಾಡುತ್ತಿದ್ದರು. ನಾನು ಬಾಗಿಲಿಂದ ಬಾಗಿಲಿಗೆ ಓಡಾಡಿದೆ. ಬಿಡುವುದೋ, ಇರುವುದೋ... ಕೊನೆಗೆ ನನಗೇ ಹೇಳಿಕೊಂಡೆ, ಬಿಟ್ಟು ಹೋಗಬೇಕಾದವಳು ನಾನಲ್ಲ.

ಬಂದ ಮಾರನೆಯ ದಿನವೇ ಮಂಡಿಗೆ ಹೋದೆ. ಅಲ್ಲಿ ಕಾಯಿ ವಿಂಗಡಿಸುವ ಮುನಿರತ್ನಮ್ಮ ನಿಮಗೆ ಗೊತ್ತಲ್ಲ, ಹೊಲಿಗೆ ಬಿಗಿಯಾಯಿತೆಂದು ಪ್ರತಿ ಸಲವೂ ಜಗಳ ಕಾಯುತ್ತಿದ್ದವರು. ನಿಮ್ಮ ಹೆಸರು ಓದಲಿಲ್ಲ ಎಂದಾಗ ಅವರು ಕೈಲಿದ್ದ ಕಾಯಿ ಕೆಳಗಿಟ್ಟರು. "ಅವ್ರು ಓದ್ದೇ ಇದ್ರೆ ಏನಾಯ್ತೇ? ನಮ್ಗೆ ಬಾಯಿಲ್ವಾ? ನಮ್ಗೋಸ್ಕರ ಬಾಯಿ ಬಿಟ್ಟೋನು ಅವನೊಬ್ನೇ."

ಹಾಗಾಗಿ ನಿಮ್ಮ ಸಂತಾಪ ಸಭೆಯನ್ನು ನಾವೇ ಮಾಡುತ್ತಿದ್ದೇವೆ. ಮೊದಲು ನಿಮ್ಮ ಹೆಸರು ಹೇಳುತ್ತೇವೆ. ಆಮೇಲೆ, ಶೌಚಾಲಯ ಕಟ್ಟಲು ಮಾಲೀಕ ಒಪ್ಪುವ ತನಕ ಒಂದು ಕಾಯಿಯನ್ನೂ ಮುಟ್ಟುವುದಿಲ್ಲವೆಂದು ಹೆಂಗಸರೆಲ್ಲ ಮಾತಾಡಿಕೊಂಡಿದ್ದಾರೆ. ಪಕ್ಷದ ಬಾವುಟ ಹಿಡಿದೇ ನಿಲ್ಲುತ್ತೇನೆಂದು ಕಾರ್ಯದರ್ಶಿಗೂ ಫೋನಿನಲ್ಲಿ ತಿಳಿಸಿದೆ. ಎಷ್ಟು ಹೊತ್ತಿಗೆ ಎಂದಷ್ಟೇ ಕೇಳಿದರು. ಅವರಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತಿದ್ದೇನೆ: ಈ ಭಾನುವಾರ, ಬೆಳಿಗ್ಗೆ ಆರು ಗಂಟೆಗೆ, ಮಂಡಿಯ ಗೇಟಿನ ಮುಂದೆ.