ತೊಳೆದು ಕೊಟ್ಟ ಟ್ರ್ಯಾಕ್ಟರ್

ಸೋಮವಾರ, ಊಟವಾದ ಮೇಲೆ

ಇವಳೇ,

ಕೂಡಲೇ ಹೊರಟು ಬಾ. ಟ್ರ್ಯಾಕ್ಟರಿನ ಕುದಿನೀರು ನನ್ನ ಎದೆ ಮೇಲೆಲ್ಲ ಚೆಲ್ಲಿದೆ. ಆಸ್ಪತ್ರೆಯ ಮಂಚದಲ್ಲಿ ಮಲಗಿ ಎಡಗೈಯಲ್ಲಿ ಇದನ್ನು ಗೀಚುತ್ತಿದ್ದೇನೆ. ಡಾಕ್ಟರು ನನ್ನ ಮುಖ ನೋಡದೆ ಆಚೆ ಹೋದರು.

ಕೂತ್ಕೋ. ಚಪ್ಪಲಿ ಬಿಡು. ಏನೂ ಆಗಿಲ್ಲ. ಅಡುಗೆಮನೆಯ ಮೇಜಿನ ಮುಂದೆ ಕೂತು ಬಲಗೈಯಲ್ಲೇ ಬರೆಯುತ್ತಿದ್ದೇನೆ, ನನ್ನ ಅಕ್ಷರವೇ ಹೀಗೆ. ನಿನ್ನ ಎದೆ ಒಂದು ಸಲ ಧಸಕ್ ಅಂದಿದ್ದರೆ ನನಗಷ್ಟೇ ಸಾಕು. ತಮ್ಮನ ಕೈಗೆ ಮುಲಾಮು ಹಚ್ಚುವುದಕ್ಕೆ ಪೆಟ್ಟಿಗೆ ಕಟ್ಟಿಕೊಂಡು ಹೋದವಳು ನೀನು. ಗಂಡ ಸುಟ್ಟುಕೊಂಡರೆ ಏಳುತ್ತೀಯೋ ಇಲ್ಲವೋ ನೋಡಬೇಕಿತ್ತು.

ನೀನು ಕಳಿಸಿದ ಚೀಟಿ ಬಂತು. "ಟ್ರ್ಯಾಕ್ಟರಿಗೆ ನೀವೇನಾದ್ರೂ ಮಾಡಿದ್ರಾ? ತಮಾಷೆ ಬೇಡ. ನಿಮ್ಮ ಉತ್ತರ ನೋಡಿ ಬರೋದೋ ಬೇಡ್ವೋ ಅಂತ ಯೋಚಿಸ್ತೀನಿ." ಅಷ್ಟೇ. ಉಂಡ್ರಾ, ಇದ್ದೀರಾ, ಸತ್ರಾ, ಒಂದು ಮಾತಿಲ್ಲ. ಪೋಲೀಸಿನವರಾದರೂ ಮೊದಲು ನೀರು ಕೊಟ್ಟು ಆಮೇಲೆ ಕೇಳುತ್ತಾರೆ.

ನಿನ್ನ ಕಿವಿಗೆ ಬಿದ್ದಿರುವುದು ನಿನ್ನ ತಮ್ಮನ ಕಥೆ. ನನ್ನದೂ ಕೇಳು.

ಟ್ರ್ಯಾಕ್ಟರ್ ಎರಡೂ ಮನೆಯದು. ಒಂದು ವಾರ ಇಲ್ಲಿ, ಒಂದು ವಾರ ಅಲ್ಲಿ. ಕೊಡುವವನು ತೊಳೆದು ಕೊಡಬೇಕು ಅಂತ ಕರಾರು ಮಾಡಿದವನು ಅವನೇ, ನಮ್ಮ ಉಗುರುಬೆಚ್ಚ. (ಆ ಹೆಸರು ಇಟ್ಟಿದ್ದಕ್ಕೆ ಈಗ ಮತ್ತೆ ಮುಖ ಊದಿಸಬೇಡ. ಕಾಫಿಯಿಂದ ಜಗಳದವರೆಗೆ ಎಲ್ಲವೂ ಉಗುರುಬೆಚ್ಚಗೇ ಬೇಕು ಅನ್ನುವವನನ್ನು ಇನ್ನೇನಂತ ಕರೆಯಲಿ?) ಹೋದ ವಾರ ಅವನ ಹೊಲದಲ್ಲಿ ಗಾಡಿ ಕುದಿಯಿತು. ಇವನು ಇಳಿದು ಬಂದು ರೇಡಿಯೇಟರಿನ ಮುಚ್ಚಳ ತಿರುವಿದ. ಹಬೆ ಚಿಮ್ಮಿ ಮುಂಗೈಯಿಂದ ಮೊಣಕೈವರೆಗೆ ಬೆಂದಿತು. ಅಯ್ಯೋ ಅನ್ನಿಸಿತು, ಇಲ್ಲ ಅನ್ನುವುದಿಲ್ಲ. ಆದರೆ ಅವನ ಅಂಗಳದಲ್ಲಿ ಎಲ್ಲರ ಎದುರಿಗೆ ಏನು ಹೇಳಿದ? "ಬಿಸಿ ತೋರಿಸೋ ಮುಳ್ಳು ಹಸಿರಲ್ಲೇ ಇತ್ತು ಭಾವ, ಅದಕ್ಕೇ ತೆಗೆದೆ. ನೀವೇ ಏನೋ ಮಾಡಿದ್ದೀರಿ." ನನಗೆ ಮೈ ಉರಿಯಿತು. ಕಣ್ಣು ಮೀಟರಿನ ಮೇಲಿಡದೆ ನಿದ್ದೆ ಹೊಡೆದವನು ತಪ್ಪು ಮುಳ್ಳಿನ ಮೇಲೆ ಹಾಕ್ತಾನೆ, ಸುಳ್ಳುಬುರುಕ, ಇನ್ನು ಈ ಗಾಡಿಯ ಚಕ್ರ ಮುಟ್ಟಬಾರದು ಅಂದೆ. ಗಾಡಿ ನಮ್ಮ ಶೆಡ್ಡಿಗೆ ತಂದು ಬೀಗ ಹಾಕಿದೆ. ಭಾವ ಭಾವ ಅಂತ ಕರೆಯುವವನಿಗೆ ನನ್ನ ಮೇಲೆ ಒಳ್ಳೆ ಭಾವವೇ ಇಲ್ಲದಿದ್ದರೆ ನಾನೇನು ಮಾಡಲಿ?

ಈಗ ಬಿತ್ತನೆ ಹತ್ತಿರ ಬಂತು. ಉಳುಮೆಗೆ ಅವನಿಗೆ ಬೇರೆ ಗಾಡಿ ಇಲ್ಲ. ಗೊತ್ತಿದ್ದೇ ಬೀಗ ಹಾಕಿದ್ದೇನೆ.

ನಿನ್ನೆ ಗಾಡಿ ಪೂರ್ತಿ ತಣ್ಣಗಾಗಿದೆ ಅಂತ ಮುಟ್ಟಿ ನೋಡಿ ಕೆಲಸಕ್ಕೆ ಕೈ ಹಾಕಿದೆ. ನಿನ್ನ ತಮ್ಮನ ತಪ್ಪನ್ನು ಹೊರಗೆ ಎಳೆದು ತಟ್ಟೆಯಲ್ಲಿಟ್ಟು ತೋರಿಸಬೇಕಿತ್ತು. ಇಂಜಿನ್ ತಂಪಿಡುವ ಕೂಲಂಟ್ ಹಾಕುವ ಮುಂಚೆ ಕೂಲಂಕಷ ವಿಚಾರಣೆ! ಸೊಸೆ ಬಾಗಿಲಲ್ಲಿ ನಿಂತು, ಇದು ರೇಡಿಯೇಟರ್ ರಿಪೇರಿಯೋ ರೇಗಾಟರ್ ರಿಪೇರಿಯೋ ಅಂತ ಕೇಳಿದಳು. ನನ್ನ ಮಾತಿನ ಚಾಳಿ ಅವಳಿಗೂ ಅಂಟಿದೆ. ಮನೆಯಲ್ಲಿ ಒಬ್ಬರಾದರೂ ನನ್ನ ಕಡೆ ಇದ್ದಾರಲ್ಲ ಅಂದುಕೊಂಡೆ.

ಕೆಳಗಿನ ನಲ್ಲಿ ತಿರುವಿದರೆ ತುಕ್ಕುಬಣ್ಣದ ಗಂಜಿ ಇಳಿಯಿತು. ನೀರೇ ಅಲ್ಲ. ಅವನು ಹಳ್ಳದ ನೀರು ಸುರಿದಿದ್ದಾನೆ, ನೋಡು. ಇಂಜಿನ್ ಬಿಸಿಯಾದಾಗ ಬಾಯಿ ತೆರೆದು ನೀರು ಬಿಡುವ ಥರ್ಮೋಸ್ಟಾಟನ್ನು ಬಿಚ್ಚಿ ನಿನ್ನ ಹಾಲಿನ ಪಾತ್ರೆಯಲ್ಲಿ ಕುದಿಸಿ ನೋಡಿದೆ. ಸರಿಯಾಗೇ ಬಾಯಿ ಬಿಟ್ಟಿತು, ನಿಮ್ಮ ಮನೆಯವರಿಗಿಂತ ಬೇಗ. "ಮಾವ, ಆ ಪಾತ್ರೆ ಅತ್ತೇದು. ಕೇಳಿದ್ರೆ ನಿಮ್ಮ ಹೆಸರೇ ಹೇಳೋದು, ಈಗ್ಲೇ ಹೇಳಿದೀನಿ" ಅಂದಳು ಸೊಸೆ. ನನ್ನ ಕಡೆ ಇದ್ದ ಒಬ್ಬಳೂ ಹೋದಳು.

ಆಮೇಲೆ ರೇಡಿಯೇಟರಿನ ಜಾಲರಿ. ಫ್ಯಾನಿನ ಕಡೆಯಿಂದ ಮೆಲ್ಲಗೆ ನೀರು ಬಿಟ್ಟೆ. ಜೋರಾಗಿ ಬಿಟ್ಟರೆ ಆ ತಗಡಿನ ಎಳೆಗಳು ಮಡಚಿಕೊಳ್ಳುತ್ತವೆ. ಮುಂದಿನಿಂದ ಹೊಟ್ಟು ಉದುರಿತು. ಉದುರುತ್ತಲೇ ಇತ್ತು. ಎಣ್ಣೆ, ಧೂಳು, ಹೊಟ್ಟು ಸೇರಿ ರೊಟ್ಟಿಯ ಹಾಗೆ ಗಟ್ಟಿಯಾಗಿತ್ತು. ಗಾಳಿ ಆಡುವುದಕ್ಕೆ ಜಾಗವೇ ಇರಲಿಲ್ಲ. ಸಂದಿಗೆ ಬ್ರಷ್ ಬೇಕಾಯಿತು. ನಿನ್ನ ಹಲ್ಲುಜ್ಜುವ ಬ್ರಷ್ ಹಳೆಯದು ಅಂದುಕೊಂಡೆ. ಅಲ್ಲವಂತೆ.

ನೋಡಿದೆಯಾ, ಇದು ಅವನ ಕಣದ ಹೊಟ್ಟು ಅಂತ ಸೊಸೆಗೆ ತೋರಿಸಿದೆ. ಅವಳು ಒಂದು ತುಂಡು ಎತ್ತಿ ನೋಡಿ, "ಹೊಟ್ಟು ಅವರದೇ ಇರಬಹುದು ಮಾವ. ಆದ್ರೆ ಯಾರೋ ಮುಂದಿನಿಂದ ಪೈಪಲ್ಲಿ ಹೊಡೆದು ಹೊಡೆದು ಒಳಗೆ ಕೂರಿಸಿದ ಹಾಗಿದೆ. ನಮ್ಮನೇಲಿ ಗಾಡಿ ತೊಳೆಯೋರು ಯಾರು?" ಅಂದಳು. ನಾನು ಕೆಮ್ಮಿದೆ. ಅವನು ತೊಳೆದು ಕಳಿಸಿದ್ದಕ್ಕಿಂತ ಫಳಫಳ ಅನ್ನಬೇಕು ಅಂತ ಪ್ರತಿ ಸಲ ಮೋಟಾರು ಹಾಕಿ ಮೂತಿಗೆ ನೀರು ಹೊಡೆಯುತ್ತಿದ್ದೆ. ಅವನೂ ಹಾಗೇ ಮಾಡಿರುತ್ತಾನೆ. ಹೊಟ್ಟು ಅವನದು, ಹೊಟ್ಟೆಕಿಚ್ಚು ಇಬ್ಬರದು, ಅಂತ ಬೇಕಾದರೆ ಇಟ್ಟುಕೋ. ಬೇಕು ಅಂತ ಕಟ್ಟಿಸಿದ್ದಲ್ಲ.

ಒಳಗಡೆಗೆ ಸೋಡಾ ಪುಡಿ ಕದಡಿದ ನೀರು ತುಂಬಿ, ಇಂಜಿನ್ ಓಡಿಸಿ, ಆರಿಸಿ ಬಸಿದೆ. ಮತ್ತೆ ಒಳ್ಳೆ ನೀರು, ಮತ್ತೆ ಬಸಿದೆ, ತಿಳಿಯಾಗಿ ಬರುವವರೆಗೆ. ಕೂಲಂಟ್ ಹಾಕಿದೆ. ಸಡಿಲವಾಗಿದ್ದ ಫ್ಯಾನ್ ಬೆಲ್ಟು ಬಿಗಿ ಮಾಡಿದೆ. ಬೆಳಗ್ಗೆ ನೇಗಿಲು ಹೂಡಿ ನಮ್ಮ ಹೊಲದ ಗಟ್ಟಿ ಮೂಲೆ ಪೂರಾ ಉತ್ತು ಬಂದೆ. ಕುದಿಯಲಿಲ್ಲ. ನಿಲ್ಲಿಸಿ ಮೇಲಿನ ಪೈಪು ಮುಟ್ಟಿದೆ, ಕೆಳಗಿನದು ಮುಟ್ಟಿದೆ. ಮೇಲೆ ಸುಡುತ್ತಿತ್ತು, ಕೆಳಗೆ ಕಮ್ಮಿ. ನೀರು ಸುತ್ತುತ್ತಿದೆ ಅಂತ ಅರ್ಥ. "ಮೀಟರ್ ಇರೋವಾಗ ಕೈ ಯಾಕೆ ಸುಡ್ಕೋತೀರಿ?" ಅಂತ ಸೊಸೆ ಕೇಳಿದಳು. ಕನ್ನಡಕ ತಂದಿಲ್ಲ ಅಂದೆ. ಕನ್ನಡಕ ಮೂಗಿನ ಮೇಲೇ ಇತ್ತು.

ಆದ್ದರಿಂದ ನಿನ್ನ ಪ್ರಶ್ನೆಗೆ ಉತ್ತರ: ಗಾಡಿ ಕಳಿಸುವ ಮುಂಚೆ ರೇಡಿಯೇಟರಿಗೆ ನಾನು ಏನೂ ತುರುಕಿಲ್ಲ, ಏನೂ ಬಿಚ್ಚಿಲ್ಲ. ಬರುವುದಾದರೆ ಬಾ, ಬಾರದಿದ್ದರೆ ಬಿಡು, ಹಲ್ಲಿಗೆ ಮಾತ್ರ ಬೇರೆ ಬ್ರಷ್ ತಗೋ.

ಇಂತಿ,
ನೀನು 'ರೀ' ಅಂತ ಕರೆಯುವವನು

ಮರೆತ ಮಾತು: ಹಾಗಂತ ಬರೆದೆ. ಮರೆತದ್ದೇನೂ ಇಲ್ಲ. ಲಕೋಟೆ ಅಂಟಿಸಲು ಹೋಗಿ ಕೈ ಬರಲಿಲ್ಲ.

ಮುಳ್ಳು ಒಂದು ಕೂದಲೆಳೆ ಏರಿದರೂ ನಿನ್ನ ತಮ್ಮ ಗಾಡಿ ನಿಲ್ಲಿಸಿ ಮರದ ಕೆಳಗೆ ಕೂರುತ್ತಾನೆ ಅಂತ ನಾನು ಎಷ್ಟು ಆಡಿಕೊಂಡಿದ್ದೇನೆ, ನಿನಗೆ ಗೊತ್ತು. ಒಂದು ದಿನವಾದರೂ ಹೆದರದೆ ಉಳಲಿ, ಸಂಜೆ ಹೇಳಿ ನಗೋಣ ಅಂತ, ಗಾಡಿ ಕಳಿಸುವ ಹಿಂದಿನ ದಿನ ಮೀಟರಿನ ಗಾಜು ಬಿಚ್ಚಿ, ಆ ಮುಳ್ಳನ್ನು ಹಸಿರಿನ ಮೇಲೆ ಅಂಟಿಸಿ ಗಾಜು ಮುಚ್ಚಿದೆ. ನಗುವುದಕ್ಕೆ ಸಂಜೆಯೇ ಆಗಲಿಲ್ಲ.

ಅಂಟು ಇನ್ನೂ ಕಿತ್ತಿಲ್ಲ. ಕಿತ್ತಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಈ ಕಾಗದ ಇವತ್ತೇ ಕಳಿಸಿ, ನಾಳೆ ಬೆಳಗ್ಗೆ ಗಾಡಿ ಅವನ ಅಂಗಳಕ್ಕೆ ತರುತ್ತೇನೆ. ಅವತ್ತು ಇದ್ದವರನ್ನೆಲ್ಲ ಕರೆದು ನಿಲ್ಲಿಸು, ಗಾಜು ಅವನೇ ಬಿಚ್ಚಲಿ. ಅವನು ನೋಡಿಕೊಂಡೇ ಉಳುತ್ತಿದ್ದ. ನಾನು ಅಂಟಿಸಿದ್ದನ್ನು ನಂಬಿ ಮುಚ್ಚಳ ತೆಗೆದ.