ಶೇವಂತಾಳ ಹೆಸರಿನ ಫೈಲು

ಚಿಕ್ಕೋಡಿ
ರವಿವಾರ, ೨೨ ನವೆಂಬರ್ ೧೯೯೮

ಪ್ರೀತಿಯ ಮಗಳು ಶೇವಂತಾಗೆ ನಿನ್ನ ಮಾಮಾ ಮಾಯಪ್ಪನ ಜೈಭೀಮ್ ಮತ್ತು ಆಶೀರ್ವಾದಗಳು.

ಹೇಗಿದ್ದೀ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀಯಲ್ಲ? ಇಲ್ಲಿಂದ ಹೋಗುವಾಗ ಇದ್ದ ಕೆಮ್ಮು ಬಿಟ್ಟಿತೇ? ನಿನ್ನ ಅವ್ವನ ಮೊಣಕಾಲು ಈ ಥಂಡಿಗೆ ಮತ್ತೆ ಹಿಡಿದುಕೊಂಡಿರಬೇಕು. ಕುಸುಬಿ ಎಣ್ಣೆ ಬೆಚ್ಚಗೆ ಮಾಡಿ ತಿಕ್ಕು ಎಂದು ನಿನ್ನ ಅತ್ತೆ ಸುಂದರಾ ಪಕ್ಕದಲ್ಲಿ ಕುಳಿತು ಹೇಳುತ್ತಿದ್ದಾಳೆ. ನಾವಿಬ್ಬರೂ ನಡೆದಾಡಿಕೊಂಡು ಇದ್ದೇವೆ. ಅವಳ ಬಿ.ಪಿ. ಗುಳಿಗೆ ತಪ್ಪಿಲ್ಲ. ಆದರೆ ನೀನು ತವರು ಐನಾಪುರಕ್ಕೆ ಹೋದ ಮೇಲೆ ರೇಡಿಯೊ ಹಚ್ಚುವುದನ್ನು ಬಿಟ್ಟಿದ್ದಾಳೆ. ಸಾಂಗ್ಲಿ ಸ್ಟೇಷನ್ನಿನ ಹಾಡು ಬಂದರೆ ರೊಟ್ಟಿ ಬಡಿಯುತ್ತಾ ನೀನೂ ಗುನುಗುತ್ತಿದ್ದೆಯಲ್ಲ, ಅದರ ನೆನಪು ಅವಳಿಂದ ತಡೆಯಲಾಗದು.

ಈಗ ಬರೆಯಬೇಕಾದದ್ದನ್ನು ಬರೆಯುತ್ತೇನೆ. ಆಗಸ್ಟಿನಲ್ಲಿ ನಿನ್ನನ್ನು ಬಸ್ಸಿಗೆ ಕೂಡಿಸಲು ಬಂದಾಗ ನೀನು ನನ್ನಲ್ಲಿ ಒಂದೇ ಒಂದು ಬೇಡಿದೆ. “ಮಾಮಾ, ಅವ್ರು ಕಂಪ್ಯೂಟರಿನ್ಯಾಗ ನನ್ನ ಹೆಸರೀಲೆ ಏನೋ ಬರದಿಟ್ಟಾರ್ರಿ. ಆರಾಮಾದ ಮ್ಯಾಲ ಪ್ರಿಂಟ್ ತಗದ ಕೊಡ್ತೀನಿ ಅಂದಿದ್ರು. ಅದೊಂದು ನೋಡ್ರಿ,” ಎಂದೆ. ಗಂಡ ಸತ್ತು ಒಂದು ತಿಂಗಳಾಗಿರದ ಹುಡುಗಿ, ಒಡವೆ ಕೇಳಲಿಲ್ಲ, ಪಾತ್ರೆ ಕೇಳಲಿಲ್ಲ. ನಾನು ಹೂಂ ಎಂದೆ. ಆಮೇಲಿನ ಮೂರು ಕಾಗದಗಳಲ್ಲಿಯೂ ‘ಕಂಪ್ಯೂಟರ್ ಇನ್ನೇನು ಸರಿಯಾಗುತ್ತದೆ’ ಎಂದೇ ಬರೆದೆ. ಮೊದಲ ಕಾಗದ ಬರೆಯುವಾಗ ಆ ಮಾತು ನಿಜವಿತ್ತು. ಉಳಿದ ಎರಡರಲ್ಲಿ ಇರಲಿಲ್ಲ, ನನಗೇ ಗೊತ್ತಿಲ್ಲದಂತೆ.

ನಮ್ಮ ಮಗ ಜ್ಞಾನದೇವನ ಕಂಪ್ಯೂಟರ್ ಕ್ಲಾಸಿನ ಬಾಗಿಲನ್ನು ನಾನು ಸೆಪ್ಟೆಂಬರಿನಲ್ಲಿ ತೆಗೆದೆ. ಮಳೆಗಾಲವೆಲ್ಲ ಮುಚ್ಚಿದ್ದ ಕೋಣೆ. ತಗಡು ಸೋರಿ ಗೋಡೆಗೆ ಬೂಸಟೆ ಹತ್ತಿತ್ತು. ಕಂಪ್ಯೂಟರಿಗೆ ನೀನು ಹೊಲಿದಿದ್ದ ಹೂವಿನ ಕುಂಚಿಗೆ ಹಾಗೆಯೇ ಇತ್ತು. ಗುಂಡಿ ಒತ್ತಿದೆ. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ ಬಂದು ಅಲ್ಲಿಯೇ ನಿಂತವು. ನನಗೆ ಇಂಗ್ಲಿಷ್ ಬರುವುದು ಸಮನ್ಸಿನ ಮೇಲಿನ ಹೆಸರು ಓದುವಷ್ಟು ಮಾತ್ರ. ಹಾಗಾಗಿ ಕರೋಶಿ ಶಾಲೆಯ ಮಂಗಲ ಅಕ್ಕೋರನ್ನು ಕರೆದುಕೊಂಡು ಬಂದೆ. ನಿನಗೆ ನೆನಪಿರಬೇಕು, ತಮ್ಮ ಮಗಳ ಓರಗೆಯ ಹುಡುಗಿಯರ ನಡುವೆ ಕುಳಿತು ನಮ್ಮವನ ಹತ್ತಿರ ಆರು ತಿಂಗಳು ಕಲಿತರಲ್ಲ, ಅವರೇ. ಅವರು ಓದಿ, “ವಿಂಡೋಸ್ ಕೆಟ್ಟೈತ್ರಿ ಕಾಕಾರ, ಒಳಗಿನ ಯಾವುದೋ ಫೈಲ್ ಸಿಗವಲ್ದು ಅಂತೈತಿ. ಮತ್ತೊಮ್ಮೆ ಹಾಕಬೇಕಾಗತೈತಿ,” ಎಂದರು.

ಡ್ರಾವರಿನಲ್ಲಿ ಒಂದು ಫ್ಲಾಪಿ ಇತ್ತು, ಅದರ ಮೇಲೆ ‘ಮೊದಲು ಇದು’ ಎಂದು ಅವನ ಕೈಬರಹ. ಅದನ್ನು ಹಾಕಿದಾಗ ಕಂಪ್ಯೂಟರ್ ಅರ್ಧ ಎಚ್ಚರವಾದಂತೆ ಆಯಿತು. ಅಕ್ಕೋರು ಏನೋ ಒತ್ತಿದರು; ಒಳಗಿದ್ದ ಫೈಲುಗಳ ಹೆಸರುಗಳು ಸಾಲಾಗಿ ಮೇಲೇರಿದವು. ಅದರಲ್ಲಿ ನಿನ್ನ ಹೆಸರಿತ್ತು, ಶೇವಂತಾ. ಕಣ್ಣಾರೆ ನೋಡಿದೆ. ಹಳೆಯ ಪದ್ಧತಿಯಲ್ಲಿ ಹೆಸರಿಗೆ ಎಂಟೇ ಇಂಗ್ಲಿಷ್ ಅಕ್ಷರ ಹಿಡಿಯುತ್ತವಂತೆ, ನಿನ್ನ ಹೆಸರು ಸರಿಯಾಗಿ ಎಂಟು. ಎದುರಿಗೆ ತಾರೀಖು ಇತ್ತು: ಜುಲೈ ಒಂಬತ್ತು, ಸಂಜೆ ನಾಲ್ಕೂ ನಲವತ್ತು. ಆ ದಿನ ನಿನಗೆ ನೆನಪಿದೆಯೇ? ಕಾಮಾಲೆಯಿಂದ ಕಣ್ಣು ಅರಿಷಿಣವಾಗಿದ್ದರೂ ‘ಕ್ಲಾಸಿಗೆ ಹೋಗಿ ಬರ್ತೀನಿ’ ಎಂದು ಹಟ ಹಿಡಿದ. ನೀನು ಬೈದೆ, ನಾನೂ ಬೈದೆ, “ಅಲ್ಲೇನ ಹೂತಿಟ್ಟೀಲೇ?” ಎಂದೆ. ಚಪ್ಪಲಿ ಮೆಟ್ಟಿಕೊಂಡು ಹೋದ. ಅವನು ಹೋದದ್ದು ಇದಕ್ಕೆ ಮಗಳೇ. ನಿನಗೆ ಬರೆಯಲು.

ಹೆಸರಿನ ಮುಂದೆ ಒಂದು ಸಂಖ್ಯೆಯೂ ಇತ್ತು: ೧೮೭೪. ಒಂದೊಂದು ಅಕ್ಷರಕ್ಕೆ ಒಂದೊಂದು ಎಂದು ಅಕ್ಕೋರು ಹೇಳಿದರು. ಅಂದರೆ ನಮ್ಮ ಮಾತನ್ನೇ ಇಂಗ್ಲಿಷ್ ಅಕ್ಷರದಲ್ಲಿ ಒಂದು ಸಾವಿರದ ಎಂಟುನೂರ ಎಪ್ಪತ್ನಾಲ್ಕು ಸಲ ಒತ್ತಿದ್ದಾನೆ, ಕೂರಲು ತ್ರಾಣವಿಲ್ಲದ ಮೈಯಲ್ಲಿ. ಆಗ ಅಕ್ಕೋರು ಒಂದು ಮಾತು ಕೇಳಿದರು: “ಇದನ್ನ ಈಗ ಬ್ಯಾರೆ ಫ್ಲಾಪಿಗೆ ತಗೋಂಡ ಬಿಡ್ಲೇನ್ರಿ?” ನಾನು ಬೇಡ ಎಂದೆ. “ಗಂಡ ಹೆಂಡತಿ ನಡುವಿನ ಪತ್ರ ಐತ್ರಿ ಅಕ್ಕೋರ. ನಾವು ಮುಟ್ಟೂದು ಬ್ಯಾಡ. ಮಶೀನು ಪೂರಾ ಚಲೋ ಆಗಲಿ, ಆಕಿನ್ನ ಕರಸ್ತೀನಿ, ಈ ಕುರ್ಚಿ ಮ್ಯಾಲ ಕುಂತು ಆಕೀನ ಓದಲಿ,” ಎಂದೆ. ಮೂವತ್ತೊಂದು ವರ್ಷ ಕೋರ್ಟಿನಲ್ಲಿ ಬೇಲಿಫ್ ಆಗಿ ಊರೂರಿಗೆ ಲಕೋಟೆ ಹಂಚಿದವನು ನಾನು, ಒಂದನ್ನೂ ಬಿಚ್ಚಿ ನೋಡಲಿಲ್ಲ. ಆ ಮರ್ಯಾದೆಯೇ ನನಗೆ ದೊಡ್ಡದಾಗಿ ಕಂಡಿತು. ನಕಲು ಮಾಡುವುದಕ್ಕೆ ಓದಬೇಕಾಗಿಲ್ಲ ಎಂಬುದು ನನಗೆ ತಿಳಿಯಲಿಲ್ಲ. ಅಕ್ಕೋರು ಹೇಳಲು ಬಾಯಿ ತೆರೆದಿದ್ದರು. ನಾನೇ ಕೈ ಅಡ್ಡ ಹಿಡಿದೆ.

ವಿಂಡೋಸ್ ಹಾಕುವ ಕ್ರಮವನ್ನು ಜ್ಞಾನದೇವ ಒಂದು ಇನ್ನೂರು ಪುಟದ ನೋಟಬುಕ್ಕಿನಲ್ಲಿ ಬರೆದಿಟ್ಟಿದ್ದ. ಅವನ ದುಂಡನೆಯ ಅಕ್ಷರ, ಕೆಳಗೆ ಗೆರೆ. ನಾನು ಓದುತ್ತಾ ಹೋದೆ, ಅಕ್ಕೋರು ಒತ್ತುತ್ತಾ ಹೋದರು. ಮೂರನೆಯ ಸಾಲಿಗೆ ಫಾರ್ಮ್ಯಾಟ್ ಎಂದಿತ್ತು. ಅಕ್ಕೋರು ಒತ್ತಿ, ಪರದೆ ಓದಿ, ಕೈ ಹಿಂದೆ ತೆಗೆದುಕೊಂಡರು. “ಇದರಾಗ ಇದ್ದದ್ದೆಲ್ಲಾ ಹೋಗತೈತಿ ಅನ್ನಾಕತ್ತೈತ್ರಿ ಕಾಕಾರ. ಯಾಕೋ ನನ್ನ ಕೈ ಬರವಲ್ದು,” ಎಂದರು. ನಾನು ನೋಟಬುಕ್ ನೋಡಿದೆ. ‘ವೈ ಒತ್ತಬೇಕು’ ಎಂದು ಸ್ಪಷ್ಟವಾಗಿ ಬರೆದಿದ್ದ. ಹೋಗುವುದು ಕೆಟ್ಟದ್ದು ಇರಬೇಕು ಎಂದುಕೊಂಡೆ. “ಜ್ಞಾನದೇವಗಿಂತಾ ನಮಗ ಹೆಚ್ಚು ತಿಳೀತೈತೇನ್ರಿ?” ಎಂದು ನಾನೇ ಬಗ್ಗಿ ಒತ್ತಿದೆ. ಅಕ್ಕೋರಲ್ಲ, ನಾನು. ಇದನ್ನು ನೀನು ಸರಿಯಾಗಿ ತಿಳಿದುಕೊಳ್ಳಬೇಕು. ಪರದೆಯ ಮೇಲೆ ಶೇಕಡಾ ಒಂದು, ಎರಡು, ಮೂರು ಎಂದು ನೂರರವರೆಗೆ ಏರಿತು. ಕೆಲಸ ನಡೆದಿದೆ ಎಂಬ ಖುಷಿಯಲ್ಲಿ ನಾನು ಚಹಾ ತರಿಸಿದೆ.

ನೋಟಬುಕ್ಕಿನದೇನೂ ತಪ್ಪಿಲ್ಲ. ಅವನು ಬರೆದದ್ದು ಹೊಸದಾಗಿ ತಂದ ಖಾಲಿ ಕಂಪ್ಯೂಟರಿಗೆ.

ಮುಂದಿನ ಎರಡು ತಿಂಗಳು ನನಗೆ ಅದು ಗೊತ್ತಿರಲಿಲ್ಲ. ಹದಿಮೂರು ಫ್ಲಾಪಿಗಳನ್ನು ಒಂದರ ಹಿಂದೆ ಒಂದು ಹಾಕಬೇಕಿತ್ತು. ಆರು ಓದಿತು. ಏಳನೆಯದಕ್ಕೆ ಕಟ್ ಕಟ್ ಎಂದು ಹಲ್ಲು ಕಡಿದಂಥ ಸದ್ದು ಮಾಡಿ ನಿಂತಿತು. ತೆಗೆದು ನೋಡಿದರೆ ಒಳಗಿನ ಕಂದು ಬಿಲ್ಲೆಯ ಮೇಲೆ ಬೂಸಟೆಯ ಬಿಳಿ ಚುಕ್ಕೆ. ಸುಂದರಾಳ ಹಳೆಯ ಸೀರೆಯ ಮೆತ್ತನೆ ತುಂಡಿನಿಂದ ಒರೆಸಿದೆ, ಬಿಸಿಲಿಗೆ ಹಿಡಿದೆ, ಮತ್ತೆ ಹಾಕಿದೆ. ಪ್ರತಿ ರವಿವಾರ ಅಕ್ಕೋರು ಬರುವರು, ಒಂದರಿಂದ ಶುರು ಮಾಡುವೆವು, ಏಳಕ್ಕೆ ನಿಲ್ಲುವೆವು. ನಿಪ್ಪಾಣಿಯಲ್ಲಿ ಕ್ಲಾಸು ನಡೆಸುವ ಅಣ್ಣಾಸಾಬನ ಹತ್ತಿರ ಹೋಗಿ ಅವನ ಫ್ಲಾಪಿ ಬೇಡಿ ತಂದೆ. ಅವು ಹದಿಮೂರೂ ಓದಿದವು. ಆದರೆ ಕೊನೆಯಲ್ಲಿ ಮೋಡದ ಚಿತ್ರ ಬಂದು ಅಲ್ಲಿಯೇ ಹೆಪ್ಪುಗಟ್ಟಿತು. ಆರಿಸಿ ಹಚ್ಚಿದರೂ ಅದೇ ಮೋಡ.

ಕಡೆಗೆ ಹೋದ ರವಿವಾರ ಅಣ್ಣಾಸಾಬನೇ ಬಂದ. ಡಬ್ಬಿ ಬಿಚ್ಚಿ, ಧೂಳು ಊದಿ, ಒಳಗಿನ ಪಟ್ಟಿಯೊಂದನ್ನು ಕಿತ್ತು ಮತ್ತೆ ಗಟ್ಟಿಯಾಗಿ ಕೂಡಿಸಿದ. ಕಂಪ್ಯೂಟರ್ ಹತ್ತಿತು, ಶೇವಂತಾ! ಹಸಿರು ನೀಲಿ ಪರದೆ, ಹಿಂದೆ ಇದ್ದಂತೆಯೇ. ನನ್ನ ಕಣ್ಣಲ್ಲಿ ನೀರು ಬಂತು. “ಈಗ ನನ್ನ ಸೊಸಿ ಹೆಸರಿಂದು ತಗೀಪಾ, ಅದು ಐತೇನ ಅಷ್ಟ ನೋಡು, ಓದಬ್ಯಾಡ,” ಎಂದೆ. ಅವನು ನನ್ನ ಮುಖ ನೋಡಿದ, ಅಕ್ಕೋರ ಮುಖ ನೋಡಿದ. ನಡೆದದ್ದೆಲ್ಲ ಕೇಳಿಕೊಂಡ. “ಅಳಸೂದು ಬೇಕಾಗಿರಲಿಲ್ರಿ ಕಾಕಾ. ಹಳೇದರ ಮ್ಯಾಲ ಹಾಕಿದ್ರ ನಡೀತಿತ್ತು,” ಎಂದ. ಆದರೂ ಮಧ್ಯಾಹ್ನ ಪೂರ್ತಿ ಊಟ ಬಿಟ್ಟು ಹುಡುಕಿದ. ಅಳಿಸಿದ್ದು ಒಮ್ಮೊಮ್ಮೆ ಸಿಗುತ್ತದಂತೆ, ಆದರೆ ಅದರ ಮೇಲೆ ನಾನು ಒಂಬತ್ತು ರವಿವಾರ ಬೇರೆಯದನ್ನು ತುಂಬಿದ್ದೆ. ನಿನ್ನ ಹೆಸರೂ ಸಿಗಲಿಲ್ಲ.

ಮನೆಗೆ ಬಂದು ಸುಂದರಾಳಿಗೆ ಹೇಳಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಜೋಳ ಹಸನು ಮಾಡುತ್ತಿದ್ದ ಮೊರ ಕೆಳಗಿಟ್ಟು, “ನೀವು ಓದಬಾರದು, ಖರೆ. ಉಳಸಬೇಕಿತ್ತಲ್ರೀ,” ಎಂದಳು. ಅಷ್ಟೇ. ನಿನ್ನ ಗಂಡ ನಿನಗೆ ಹೇಳಿ ಹೋದ ಕೊನೆಯ ಮಾತನ್ನು ನಾನು ಕೈಯಾರೆ ಅಳಿಸಿದೆ. ಅದರಲ್ಲಿ ಏನಿತ್ತು ಎಂದು ಊಹಿಸಿ ನಿನ್ನನ್ನು ಸಮಾಧಾನ ಮಾಡುವುದು ನನ್ನಿಂದಾಗದು. ಅವನು ಬರೆದದ್ದು ನಿನಗೆ, ಬೇರೆ ಯಾರಿಗೂ ಅಲ್ಲ, ಎಂಬಷ್ಟಕ್ಕೆ ನಾನು ಸಾಕ್ಷಿ. ಕ್ಷಮಿಸು ಎಂದು ಕೇಳಲು ಬಾಯಿಲ್ಲ. ಸಿಟ್ಟು ಬಂದರೆ ಸಿಟ್ಟಿನಲ್ಲಿಯೇ ನಾಲ್ಕು ಸಾಲು ಬರೆ.

ನಿನ್ನ ಅವ್ವನಿಗೆ ನಮ್ಮಿಬ್ಬರ ನಮಸ್ಕಾರ ಹೇಳು. ಥಂಡಿಯಲ್ಲಿ ಹೊಳೆಗೆ ಬಟ್ಟೆ ಒಗೆಯಲು ಹೋಗಬೇಡ. ನಿನಗೆ ಒಳ್ಳೆಯದಾಗಲಿ, ಆಯುಷ್ಯ ಆರೋಗ್ಯ ಎಲ್ಲ ಕೂಡಿ ಬರಲಿ.

ನಿನ್ನ ಮಾಮಾ,
ಮಾಯಪ್ಪ

ತಾ.ಕ.: ಮಂಗಲ ಅಕ್ಕೋರ ಯಜಮಾನರು ಐನಾಪುರಕ್ಕೆ ಹೊರಟು ಬಾಗಿಲಲ್ಲಿ ನಿಂತಿದ್ದಾರೆ, ಅದಕ್ಕೆ ಅವಸರ. ದಸರೆಯ ಹೊತ್ತಿಗೆ ನಿನ್ನ ಅಣ್ಣ ಬಾಪುಸಾಹೇಬ ನನಗೊಂದು ಪತ್ರ ಬರೆದಿದ್ದ. ನೀನು ಕೇಳಿದಾಗ ಮುಟ್ಟಿಲ್ಲ ಎಂದು ಬರೆದೆ. ಮುಟ್ಟಿತ್ತು. ರಾಯಬಾಗದ ಶಾಲೆಯ ಮಾಸ್ತರ ನಿನ್ನನ್ನು ಮದುವೆಗೆ ಕೇಳಿದ್ದಾರೆಂದೂ, “ಮಾಮಾ ಹೂಂ ಅಂದ್ರ ಅಷ್ಟ” ಎಂದು ನೀನು ಹೇಳಿರುವೆ ಎಂದೂ ಅದರಲ್ಲಿತ್ತು. ಕಂಪ್ಯೂಟರ್ ಸರಿಯಾದರೆ ನೀನು ಬರುತ್ತೀ, ಅವನ ಮಾತು ಓದಿದ ಮೇಲೆ ಇಲ್ಲಿಯೇ ಉಳಿದುಬಿಡುತ್ತೀ ಎಂಬ ಆಸೆಗೆ ಬಿದ್ದು ಉತ್ತರ ಬರೆಯಲಿಲ್ಲ. ಈಗ ಬರೆಯುತ್ತಿದ್ದೇನೆ: ಹೂಂ. ಸುಂದರಾಳದೂ ಹೂಂ. ನಿನ್ನ ಅಪ್ಪ ಇಲ್ಲ. ಮದುವೆಯ ದಿನ ಅವನ ಜಾಗದಲ್ಲಿ ನಿಲ್ಲಲು ನನ್ನನ್ನು ಕರೆಯುತ್ತೀಯಾ? ಕರೆಯದಿದ್ದರೂ ಹೂಂ ಹಾಗೆಯೇ ಇರುತ್ತದೆ.