ಆಮಿನಾಳ ಮನೆಯ ಕಿಟಕಿ

ಅಕ್ಕಾ,

ಮೊನ್ನೆ ಬೋಸ್ನಿಯಾದಿಂದ ಬಂದವಳು ಲಂಡನ್ನಿನ ಏರ್‌ಪೋರ್ಟಿನಿಂದ ನೇರ ಕ್ವೀನ್ಸ್‌ಬರಿಯ ನನ್ನ ಮನೆಗೆ ಹೋಗಬೇಕಿತ್ತು. ಕಾಲು ಕೇಳಬೇಕಲ್ಲ? ರೇನರ್ಸ್ ಲೇನಿಗೆ ಬಂದು ನಿನ್ನ ಮನೆಯ ಬೆಲ್ ಒತ್ತಿದೆ. ಭಾವ ಬಾಗಿಲು ತೆಗೆದಾಗಲೇ ನೀನಿಲ್ಲ ಎಂಬುದು ನೆನಪಾದದ್ದು. ಅವರು ಒಳಗೆ ಕರೆದು ಚಹಾ ಮಾಡಿ ಕೊಟ್ಟರು. ಸಕ್ಕರೆ ಹಾಕುವುದನ್ನು ಮರೆತಿದ್ದರು, ಹಾಗೇ ಕುಡಿದೆ.

ನೀನು ಮೊದಲ ಸಲ ಬೋಸ್ನಿಯಾದ ಆ ಮನೆಗಳ ನಕ್ಷೆ ತಂದ ದಿನ ನಾನು ನಿಮ್ಮ ಮನೆಯ ಟೇಬಲ್ಲಿನ ಮೇಲೆ ಚಪಾತಿ ಲಟ್ಟಿಸುತ್ತಿದ್ದೆ. ಹಿಟ್ಟು, ಮಣೆ ಎಲ್ಲ ಒಂದು ಕಡೆ ತಳ್ಳಿ ನೀನು ಆ ಕಾಗದ ಹಾಸಿದೆ. ಯುದ್ಧದಲ್ಲಿ ನೆಲಸಮವಾದ ಹಳ್ಳಿಗೆ ಹೊಸ ಮನೆಗಳ ಡಿಸೈನ್ ಮಾಡುವ ಕೆಲಸ ನಿಮ್ಮ ಆಫೀಸಿಗೆ ಬಂದಿತ್ತು. ಬಿದ್ದ ಮನೆಗಳ ಇಟ್ಟಿಗೆಯನ್ನೇ ಕೆರೆದು ಮತ್ತೆ ಕಟ್ಟುವುದು, ದಪ್ಪ ಗೋಡೆ, ದಕ್ಷಿಣಕ್ಕೆ ಗೋಡೆಯಗಲದ ಕಿಟಕಿ. ಚಳಿಗಾಲದ ಬಿಸಿಲು ಒಳಗೆ ಬಂದರೆ ಅರ್ಧ ಸೌದೆ ಉಳಿಯುತ್ತದೆ ಎಂದೆ ನೀನು. "ಸೂರ್ಯಪ್ಪ ಗ್ಯಾಸ್ ಕಂಪನಿಯವರಂಗ ಬಿಲ್ ಕಳಸೂದಿಲ್ಲಲೇ ಸುಮಿ!" ಎಂದು ನಕ್ಕೆಯಲ್ಲ, ನಿನ್ನನ್ನು ಅಷ್ಟು ಖುಷಿಯಾಗಿ ನಾನು ಮತ್ತೆ ನೋಡಲೇ ಇಲ್ಲ.

ಮೊದಲ ಚಳಿಗಾಲ ಕಳೆದ ಮೇಲೆ ಮನೆಗಳನ್ನು ನೋಡಿಬರಲು ಹೋದವಳು ತಿರುಗಿ ಬಂದ ಸಂಜೆ, ನೀನು ಕೋಟು ಕೂಡ ತೆಗೆಯದೆ ಅಡುಗೆಮನೆಯಲ್ಲಿ ಕೂತೆ. "ಆಮಿನಾ ಕಿಡಕಿಗೆ ಇಟ್ಟಂಗಿ ಇಟ್ಟು ಮುಚ್ಯಾಳ" ಎಂದೆ. ಆ ಹೊಸ ಮನೆಗಳಲ್ಲೊಂದರ ಒಡತಿ ಅವಳು. ದಕ್ಷಿಣದ ಕಿಟಕಿಯನ್ನು ಗೋಡೆ ಕಟ್ಟಿ ಉಳಿದ ಇಟ್ಟಿಗೆಯಿಂದಲೇ, ಕೆಳಗಿನಿಂದ ಮೇಲಿನವರೆಗೆ ಮುಚ್ಚಿದ್ದಳಂತೆ. ಕೋಪ ನಿನಗೆ ಮೂಗಿನ ತುದಿಯಲ್ಲೇ ಇರುತ್ತಿತ್ತು. ಪುಗಸಟ್ಟೆ ಬಿಸಿಲು ಯಾಕೆ ಬೇಡ ಎಂದು ದುಭಾಷಿ ಹುಡುಗಿಯ ಮೂಲಕ ಜೋರಾಗಿಯೇ ಕೇಳಿದ್ದೆಯಂತೆ. ಆಮಿನಾ ಮೊದಲು ಕಾಫಿ ಕೊಟ್ಟಳಂತೆ, ಆಮೇಲೆ ಹೇಳಿದಳಂತೆ. ಅವಳ ಮಗ ಹಳೆಯ ಮನೆಯ ಕಿಟಕಿಯ ಹತ್ತಿರ ನಿಂತಿದ್ದಾಗ ಎದುರಿನ ಗುಡ್ಡದಿಂದ ಗುಂಡು ಬಂದಿತ್ತು. ಇದನ್ನು ಹೇಳಿ ಮುಗಿಸುತ್ತಲೇ ನೀನು, "ಸೂರ್ಯ ಯಾ ಕಡೆ ಅಂತ ಕೇಳಿದ್ನಿ. ಗುಂಡು ಯಾ ಕಡಿಂದ ಬರ್ತಿದ್ವು ಅಂತ ಒಬ್ಬರನ್ನೂ ಕೇಳಲಿಲ್ಲ ನೋಡ" ಎಂದು ಅತ್ತುಬಿಟ್ಟೆ. ನೀನು ಅತ್ತರೆ ಏನು ಮಾಡಬೇಕೆಂದು ನನಗೆ ಗೊತ್ತೇ ಇರಲಿಲ್ಲ.

ಕಾಯಿಲೆ ಬಿದ್ದು ಆಸ್ಪತ್ರೆ ಸೇರಿದ ಮೇಲೆ, ವಾರ್ಡಿನಲ್ಲಿ ಒಂದು ಮಧ್ಯಾಹ್ನ ನೀನು ಪೆನ್ಸಿಲ್ ಕೇಳಿದೆ. ಊಟದ ಜೊತೆ ಬಂದ ಕಾಗದದ ಕರವಸ್ತ್ರದ ಮೇಲೆ ಧಾರವಾಡದ ಅಜ್ಜಿಯ ಮನೆಯ ನಡುಮನೆಯ ಚಿತ್ರ ಬರೆದೆ, ಅದರ ಮಾಳಿಗೆಯಲ್ಲೊಂದು ಬೆಳಕಿಂಡಿ. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ. ಇಷ್ಟು ವರ್ಷ ಲಂಡನ್ನಿನಲ್ಲಿ ಕಟ್ಟಡಗಳ ಡಿಸೈನ್ ಮಾಡಿದವಳಿಗೆ ಅದು ಆಗಷ್ಟೇ ನೆನಪಾಗಿತ್ತು. "ಬೆಳಕು ಮ್ಯಾಲಿಂದ ಬರ್ತದ, ಹೊರಗಿನವರಿಗೆ ನಾವು ಕಾಣಂಗಿಲ್ಲ. ಆಮಿನಾನ ಮನಿಗೆ ಇದನ್ನ ಮಾಡ್ರಿ ಅಂತ ನಮ್ಮ ಆಫೀಸಿಗೆ ಹೇಳ" ಎಂದೆ. ಕರವಸ್ತ್ರವನ್ನು ನನ್ನ ಕೈಗೆ ಕೊಡುತ್ತ, "ಆಕಿ ಇದೂ ಬ್ಯಾಡ ಅಂದ್ರ?" ಎಂದೆ. ಆಮಿನಾಳ ಉತ್ತರ ಬರುವತನಕ ಕಾಯಬಾರದಿತ್ತೇ ಅಕ್ಕಾ? ಅಷ್ಟೇನು ಅವಸರವಿತ್ತು ನಿನಗೆ? ಎಲ್ಲದಕ್ಕೂ ಹಟ ಮಾಡುವವಳು, ಇದೊಂದಕ್ಕೆ ಮಾತ್ರ...

ಈ ಬೇಸಿಗೆಯಲ್ಲಿ ನಿಮ್ಮ ಆಫೀಸಿನವರ ಜೊತೆ ನಾನೂ ಹೋದೆ. ಬೆಳಕಿಂಡಿ ಮಾಡಿದ್ದಾರೆ. ಅಲ್ಲಿ ಹಿಮ ಬೀಳುತ್ತದಲ್ಲ, ಹಾಗಾಗಿ ಇಳಿಜಾರಿನ ಮಾಡಿಗೆ ದಪ್ಪ ಗಾಜು ಕೂರಿಸಿದ್ದಾರೆ. ಅದರ ಕೆಳಗೆ ಆಮಿನಾ ಸಸಿ ಕುಂಡಗಳನ್ನು ಇಟ್ಟುಕೊಂಡಿದ್ದಾಳೆ. ನಾನು ಮೇಲೆ ನೋಡುತ್ತ ನಿಂತಿದ್ದರೆ ಅವಳು ನನ್ನ ಕೈ ಹಿಡಿದು ದಕ್ಷಿಣದ ಗೋಡೆಯ ಕಡೆ ಎಳೆದುಕೊಂಡು ಹೋದಳು. ಕಿಟಕಿಗೆ ಇಟ್ಟಿದ್ದ ಇಟ್ಟಿಗೆಯಲ್ಲಿ ಮೇಲಿನ ಒಂದು ಸಾಲು ಇರಲಿಲ್ಲ. ತೆಗೆ ಎಂದು ಯಾರೂ ಹೇಳಿರಲಿಲ್ಲ, ಒಂದು ಮುಂಜಾನೆ ತಾನೇ ಸ್ಟೂಲು ಹತ್ತಿ ತೆಗೆದಳಂತೆ. ಆ ಸಂದಿನಲ್ಲಿ ಆಕಾಶವೂ ಗುಡ್ಡದ ತುದಿಯೂ ಕಾಣುತ್ತಿದ್ದವು.

ನೀನು ಯಾಕೆ ಬರಲಿಲ್ಲ ಎಂದು ಕೇಳಿದಳು. ದುಭಾಷಿ ಹುಡುಗಿಗೆ ವಿಷಯ ಗೊತ್ತಿತ್ತು, ನನ್ನ ಮುಖ ನೋಡಿದಳು. ಆ ಮನೆಯಲ್ಲಿ ನಿಂತು ಇನ್ನೊಂದು ಸಾವಿನ ಸುದ್ದಿ ಹೇಗೆ ಹೇಳಲಿ? ಅಕ್ಕನಿಗೆ ಕೆಲಸ ಬಹಳ ಎಂದೆ. ಆಮಿನಾ ತಲೆಯಾಡಿಸಿ, "ನಿಮ್ಮ ಅಕ್ಕನಿಗೆ ಹೇಳು, ಉಳಿದದ್ದನ್ನು ನಿಧಾನವಾಗಿ ತೆಗೆಯುತ್ತೇನೆ" ಎಂದಳು.

ಹೇಳುತ್ತೇನೆ ಎಂದು ಮಾತು ಕೊಟ್ಟು ಬಂದಿದ್ದೇನೆ, ಅಕ್ಕಾ.

ನಿನ್ನ ಸುಮಿ